ಮನೆಯವರು ಎಂದರೆ

ಗಂಡ 'ಹೋಗಿ ಬಾ' ಅಂದನೋ, ಬರೀ 'ಹೋಗು' ಅಂದನೋ ಎಂಬುದು ಬಸ್ಸಿಳಿದು ಸಭಾಭವನದ ಮೆಟ್ಟಿಲು ಹತ್ತುವಾಗಲೂ ಅವಳಿಗೆ ಇತ್ಯರ್ಥವಾಗಿರಲಿಲ್ಲ. ಬಾಗಿಲು ಎಳೆದುಕೊಳ್ಳುವ ಸದ್ದಿನಲ್ಲಿ ಆ 'ಬಾ' ಸಿಕ್ಕಿ ಸತ್ತಿರಬಹುದು. ಬಾಗಿಲಿನ ಅಡಿ ನೆಲಕ್ಕೆ ಉಜ್ಜಿ ಕಿರ್ರೆನ್ನುತ್ತದೆ, ಒಂದು ದಿನ ಕೂತು ಹತ್ತರಿ ಹೊಡೆಯಬೇಕು ಎಂದು ಗಂಡ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ, ಈಚೆಗೆ ಹೇಳುವುದನ್ನು ಬಿಟ್ಟಿದ್ದ. ಬೇರೆಯವರ ಬಾಯಿಂದ ಉದುರಿದ್ದನ್ನು ಒಂದಕ್ಷರ ಬಿಡದೆ ಶೀಘ್ರಲಿಪಿಯಲ್ಲಿ ಹಿಡಿಯುವುದೇ ತನ್ನ ಕಸುಬು. ಮಂತ್ರಿಗಳ ತೊದಲು, ವಿರೋಧಿಗಳ ಬೈಗುಳ, ಕೆಮ್ಮಿನ ನಡುವೆ ನುಂಗಿದ ಕ್ರಿಯಾಪದ, ಯಾವುದೂ ತಪ್ಪಿಸಿಕೊಂಡಿದ್ದಿಲ್ಲ. ಕಟ್ಟಿಕೊಂಡವನು ಹೊಸಿಲಲ್ಲಿ ಆಡಿದ್ದು ಮಾತ್ರ ಕೈಗೆ ಸಿಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು. ಗಂಟೆ ಹೊಡೆಯುತ್ತಲೇ ಇತ್ತು. ಹೊಡೆದದ್ದನ್ನೆಲ್ಲ ಅವಳು ಎಣಿಸಿದಳು.

"ಏನು?" ಅಂದ.

"ಏನಿಲ್ಲ ರೀ, ಹಾಲು ಉಕ್ಕಿ ಹೋಯ್ತೇನೋ ಅಂತ."

"ಒಲೆ ಆರಿಸಿ ಹೋದವಳು ನೀನೇ ಅಲ್ವಾ?"

"ಹೌದಲ್ಲಾ. ಮರೆತೇಹೋಯ್ತು."

"ನಿನ್ನೆ ಕಿಟಕಿ, ಮೊನ್ನೆ ನಲ್ಲಿ, ಇವತ್ತು ಹಾಲು. ನಾಳೆಗೆ ಏನಿಟ್ಟಿದ್ದೀಯ?" ಎಂದು ಅವನು ನಕ್ಕಹಾಗೆ ಕೇಳಿಸಿತು. ಅದು ನಗುವೋ ಉಸಿರೋ ಎನ್ನುವುದರೊಳಗೆ ಫೋನ್ ಇಟ್ಟಿದ್ದ. ಬದುಕಿದ್ದಾನೆ. ಆ ಯೋಚನೆ ಬಂದದ್ದೇ ಅವಳಿಗೆ ನಾಚಿಕೆಯಾಯಿತು. ಗಂಡ ಉಸಿರಾಡುತ್ತಿದ್ದಾನೆಯೇ ಎಂದು ದಿನಾ ಬೆಳಿಗ್ಗೆ ಹಾಲಿನ ನೆಪ ಹೂಡಿ ವಿಚಾರಿಸಿಕೊಳ್ಳುವ ಹೆಂಡತಿ.

ಬ್ಯಾಂಕಿನ ಬಾಗಿಲಲ್ಲಿ ಅವನು ಅಷ್ಟೂ ವರ್ಷ ಬಂದೂಕು ಹಿಡಿದು ನಿಂತಿದ್ದ. ಆ ಕೆಲಸಕ್ಕೆ ಸ್ವಂತ ಬಂದೂಕು, ಸ್ವಂತ ಲೈಸೆನ್ಸ್ ಇರಬೇಕಿತ್ತು, ಹಾಗಾಗಿ ಜೋಡುನಳಿಗೆಯದು ಮದುವೆಗೂ ಮುಂಚಿನಿಂದ ಅವನದು. ಬೀದಿಯಲ್ಲಿ ಎಲ್ಲರಿಗೂ ಅವನು ಗನ್‌ಮ್ಯಾನ್, ಅವಳು ಗನ್‌ಮ್ಯಾನ್ ಹೆಂಡತಿ. ಒಂದು ಸಲವೂ ಅದನ್ನು ಹಾರಿಸಿದವನಲ್ಲ. ಮುದುಕಿಯರಿಗೆ ಬಾಗಿಲು ತಳ್ಳಿ ಹಿಡಿಯುವುದು, ಚೀಟಿ ತುಂಬಲು ಬಾರದವರನ್ನು ಸರಿಯಾದ ಕಿಟಕಿಗೆ ಕಳಿಸುವುದು, ಹಟ ಹಿಡಿದು ಅಳುವ ಮಕ್ಕಳಿಗೆ ಕಣ್ಣು ಹೊರಳಿಸಿ ನಗಿಸುವುದು, ಇಷ್ಟೇ ಅವನು ಮಾಡುತ್ತಿದ್ದದ್ದು. ಆಮೇಲೆ ಬಾಗಿಲ ಮೇಲೆ ಕ್ಯಾಮೆರಾ ಬಂತು, ಅವನು ಮನೆಗೆ ಬಂದ. ಒಳಗೆ ಕೂರುವ ಕೆಲಸ ಕೊಡಲಿಲ್ಲ, ಟೊಪ್ಪಿಗೆಯನ್ನು ವಾಪಸು ಇಸಿದುಕೊಂಡರು, ಬಂದೂಕು ಮಾತ್ರ ಅವನದೇ ಆದ್ದರಿಂದ ಅವನ ಜೊತೆಗೇ ಬಂತು. ಮೊದಮೊದಲು ಅದನ್ನು ಬೀರುವಿನಲ್ಲಿಟ್ಟು ಮರೆತಿದ್ದ. ಈಗ ಬೆಳಿಗ್ಗೆ ತಿಂಡಿ ತಟ್ಟೆ ಎತ್ತಿದ ಕೂಡಲೇ ಅದೇ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ನಳಿಗೆ ಬಿಚ್ಚಿ, ಎಣ್ಣೆಬಟ್ಟೆಯಿಂದ ಉಜ್ಜಲು ಕೂರುತ್ತಾನೆ. ಉಜ್ಜಿದ್ದನ್ನೇ ಉಜ್ಜುತ್ತಾನೆ. ಒಂದು ದಿನ ಸಾರು ಬಡಿಸುತ್ತಿದ್ದಾಗ ಅವಳು "ಇನ್ನಷ್ಟು ಹಾಕಲಾ?" ಎಂದು ಕೇಳಿದ್ದಕ್ಕೆ, ತಟ್ಟೆಯನ್ನು ನೋಡದೆ ಗೋಡೆ ನೋಡುತ್ತಾ, "ಸಾಕು. ಎಲ್ಲಾ ಸಾಕಾಗಿದೆ," ಅಂದಿದ್ದ. ಸೌಟು ಅವಳ ಕೈಯಲ್ಲೇ ನಿಂತಿತು. ಎಲ್ಲಾ ಅಂದರೆ ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಅವನು ಒಂದು ದಿನ ಕೈಯೆತ್ತಿದವನಲ್ಲ, ಏರುದನಿಯಲ್ಲಿ ಮಾತಾಡಿದವನಲ್ಲ. ಅದರಿಂದಲೇ ದೂರು ಹೇಳಿಕೊಳ್ಳಲು ಅವಳಿಗೆ ಬಾಯಿಲ್ಲ. ಪೊಲೀಸ್ ಠಾಣೆಗೆ ಫೋನ್ ಮಾಡಿದಾಗಲೂ ತನ್ನ ಗೆಳತಿಯೊಬ್ಬಳ ಮನೆಯ ವಿಷಯ ಎಂದೇ ಶುರುಮಾಡಿದ್ದಳು. ಅತ್ತಲಿನ ದನಿ ಕೇಳಿಸಿಕೊಂಡು, "ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ತಂದು ಒಪ್ಪಿಸ್ಬೇಕಮ್ಮ. ನಿಮ್ಮ ಗೆಳತಿಗೆ ಅದನ್ನ ಮುಟ್ಬೇಡ ಅನ್ನಿ. ಕೈಯಲ್ಲಿ ಹಿಡ್ಕೊಂಡು ಬೀದಿಗೆ ಬಂದ್ರೆ ಅವರ ಮೇಲೇ ಕೇಸಾಗುತ್ತೆ," ಎಂದು ಬುದ್ಧಿ ಹೇಳಿತು.

ಹಾಗಾಗಿ ಇಂದಿನ ಸಭೆಯ ಮೇಲೆ ಅವಳ ಕಣ್ಣು. ಬಂದೂಕು ಕಾಯಿದೆಯನ್ನು ಬಿಗಿಮಾಡುವ ಮಸೂದೆ ಸಮಿತಿಯ ಮುಂದೆ ಬಂದು ಎಷ್ಟೋ ದಿನವಾಗಿತ್ತು. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಕೊಟ್ಟದ್ದನ್ನು ಎಲ್ಲಿ ಬೀಗ ಹಾಕಿ ಇಡಬೇಕು ಎಂದು ಜಗಳಾಡಿ ಆಗಿತ್ತು. ಇಂದು ಉಳಿದದ್ದು ಒಂದೇ ಕಲಮು, ಹನ್ನೊಂದನೆಯದು. ಬಂದೂಕು ಇಟ್ಟುಕೊಂಡವನಿಂದ ಅವನಿಗಾಗಲಿ ಪರರಿಗಾಗಲಿ ಅಪಾಯವಿದೆಯೆಂದು ಮನೆಯವರು ದೂರಿದಲ್ಲಿ ಪೊಲೀಸರು ಬಂದು ಅದನ್ನು ಕೆಲಕಾಲ ವಶಕ್ಕೆ ಪಡೆಯತಕ್ಕದ್ದು. ಕರಡನ್ನು ಬೆರಳಚ್ಚು ಮಾಡಿದವಳು ಅವಳೇ. 'ಮನೆಯವರು' ಎಂಬಲ್ಲಿ ಬೆರಳು ಒಂದು ಕ್ಷಣ ನಿಂತಿತ್ತು. ಕಾಯಿದೆ ಪುಸ್ತಕದ ಕಬ್ಬಿಣದ ಮಾತುಗಳ ನಡುವೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಎದ್ದುಬಂದ ಹಾಗಿತ್ತು ಆ ಪದ. ಅದು ಹಾಗೇ ಉಳಿದರೆ ತಾನು ಗೆಳತಿಯ ಸುಳ್ಳು ಹೇಳಬೇಕಿಲ್ಲ. ಒಂದು ಅರ್ಜಿ. ಯಾರೋ ಸಮವಸ್ತ್ರದವರು ಬಂದು, ಸಹಿ ಹಾಕಿಸಿಕೊಂಡು, ಮೇಜಿನ ಮೇಲಿನದನ್ನು ಎತ್ತಿಕೊಂಡು ಹೋಗುತ್ತಾರೆ. ಅವನು ಬೈಯಲಿ, ಮಾತು ಬಿಡಲಿ, ತವರಿಗೆ ಹೋಗು ಅನ್ನಲಿ. ಮಾತು ಬಿಡುವುದಕ್ಕಾದರೂ ಇರುತ್ತಾನೆ.

ಅವಳ ಜಾಗ ಸಭೆಯ ನಡುವಿನ ಸಣ್ಣ ಮೇಜು. ಎಲ್ಲರ ಮಾತೂ ಅಲ್ಲಿಗೇ ಬಂದು ಬೀಳುತ್ತದೆ, ಅಲ್ಲಿಂದ ಒಂದು ಮಾತೂ ಏಳುವಂತಿಲ್ಲ. ಇಬ್ಬರು ಲಿಪಿಕಾರರು ಸರದಿಯ ಮೇಲೆ ಬರೆಯುತ್ತಾರೆ. ಒಬ್ಬರು ಸ್ವಲ್ಪ ಹೊತ್ತು ಬರೆದು ಎದ್ದು, ಪಕ್ಕದ ಕೋಣೆಗೆ ಹೋಗಿ ಆ ಗೆರೆ-ಕೊಕ್ಕೆಗಳನ್ನು ಅಕ್ಷರಕ್ಕೆ ಇಳಿಸುತ್ತಿರುವಾಗ ಇನ್ನೊಬ್ಬರು ಕೂರುತ್ತಾರೆ. ಅದರಿಂದ ಯಾವ ಚರ್ಚೆಯೂ ಅವಳಿಗೆ ಇಡಿಯಾಗಿ ಸಿಕ್ಕಿದ್ದಿಲ್ಲ. ಯಾರೋ ಸಿಟ್ಟಿನಿಂದ ಎದ್ದು ನಿಂತಾಗ ಇವಳು ಹೊರಟಿರುತ್ತಾಳೆ, ವಾಪಸು ಬರುವಷ್ಟರಲ್ಲಿ ಅವರೇ ಬಿಸ್ಕತ್ತು ತಿನ್ನುತ್ತಿರುತ್ತಾರೆ. ಇನ್ನೊಬ್ಬ ಲಿಪಿಕಾರನನ್ನು ಇಡೀ ಕಚೇರಿ ಪೆನ್ಸಿಲಪ್ಪ ಎಂದು ಕರೆಯುತ್ತಿತ್ತು, ಅವನ ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಅವಳಿಗೆ ಕೆಲಸ ಕಲಿಸಿದವನೂ ಅವನೇ. ನಿವೃತ್ತಿ ಹತ್ತಿರವಾಗಿತ್ತು. "ತಾಯಿ, ಇವತ್ತು ಬೇಗ ಮುಗಿಯುತ್ತೆ. ಮೀಸೆ ಸಾಹೇಬರು ಗಡಿಯಾರ ನೋಡ್ತಾನೇ ಬಂದ್ರು," ಎಂದು ಕಿವಿಯಲ್ಲಿ ಹೇಳಿ ಹೊರಗೆ ಹೋದ. ಮೊದಲ ಸರದಿ ಅವಳದು.

ಸಾಕ್ಷಿ ಹೇಳಲು ಕರೆದದ್ದು ಟೈಲರ್ ಕೆಲಸದ ಹೆಂಗಸೊಬ್ಬಳನ್ನು. ಕುತ್ತಿಗೆಯಲ್ಲಿ ಅಳತೆ ಟೇಪು ತೆಗೆಯಲು ಮರೆತು ಹಾಗೇ ಬಂದಿದ್ದಳು. ಬಾಗಿಲು ದಾಟಿದ ಮೇಲೆ ನೆನಪಾಗಿ ಎಳೆದು ಮುಷ್ಟಿಯೊಳಗೆ ಸುತ್ತಿಕೊಂಡಳು. ಮೈಕಿನ ಮುಂದೆ ಎಷ್ಟು ದೂರ ಕೂರಬೇಕು ಎಂದು ತಿಳಿಯದೆ, ಅದಕ್ಕೆ ಮುತ್ತಿಡುವವಳ ಹಾಗೆ ಬಾಗಿ, "ನಮ್ಮನೆಯವರು ಕೆಟ್ಟೋರಲ್ಲ ಸಾರ್," ಎಂದಾಗ ಇಡೀ ಸಭಾಂಗಣ ಗುಂಯ್‌ಗುಟ್ಟಿತು. ಹಿಂದಕ್ಕೆ ಸರಿದು ಮತ್ತೆ ಹೇಳಿದಳು. "ಕೆಟ್ಟೋರಲ್ಲ. ಊಟ ಬಿಟ್ರು, ಮಾತು ಬಿಟ್ರು, ಬಂದೂಕು ಮಾತ್ರ ಬಿಡ್ಲಿಲ್ಲ. ನಾನು ಸ್ಟೇಷನ್ನಿಗೆ ಹೋದೆ. ಹೊಡೆದ್ರಾ ಅಂದ್ರು. ಇಲ್ಲ ಅಂದೆ. ಹೆದರಿಸಿದ್ರಾ ಅಂದ್ರು. ಇಲ್ಲ ಅಂದೆ. ಮತ್ತೇನಮ್ಮ ನಿನ್ ತಾಪತ್ರಯ ಅಂದ್ರು. ಸುಮ್ನಿರ್ತಾರೆ ಸಾರ್ ಅಂದೆ. ಗಂಡ ಸುಮ್ನಿರ್ತಾನೆ ಅಂತ ಕಂಪ್ಲೇಂಟ್ ಕೊಡೋಕೆ ಬಂದೋಳು ನೀನೇ ಮೊದಲು, ನಮ್ಮನೇಲೂ ಒಬ್ಬಳಿದ್ದಾಳೆ ಬಂದು ಸುಮ್ನಿರೋದು ಕಲಿಸು ಅಂತ ನಕ್ಕು ಕಳಿಸಿದ್ರು. ಆ ವಾರಾನೇ ನಮ್ಮನೆಯವರು ಹೋಗ್ಬಿಟ್ರು. ನಾನು ಗಿರಾಕಿ ಮನೆಗೆ ಬಟ್ಟೆ ಕೊಡೋಕೆ ಹೋಗಿದ್ದೆ." ಟೇಪು ಸುತ್ತಿದ ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಳು.

ಲಿಪಿಕಾರ್ತಿಯ ಪೆನ್ಸಿಲು ಮೇಜಿನ ಮೇಲೆ ನಿಂತಿತ್ತು. ನಗು ಬಂದರೆ ಕಂಸದೊಳಗೆ 'ನಗು' ಎಂದು ಬರೆಯಬೇಕು. ಚಪ್ಪಾಳೆಗೆ ಕಂಸವಿತ್ತು, ಗದ್ದಲಕ್ಕೆ ಇತ್ತು, ಸಭಾತ್ಯಾಗಕ್ಕೆ ಇತ್ತು. ಅಳುವಿಗೆ ಕಂಸವಿರಲಿಲ್ಲ. ಇಷ್ಟು ವರ್ಷ ಈ ಕೋಣೆಯಲ್ಲಿ ಯಾರೂ ಅತ್ತದ್ದಿಲ್ಲವೇ, ಅಥವಾ ಅತ್ತವರನ್ನೆಲ್ಲ ಈ ಮೇಜಿನ ಮೇಲೆಯೇ ಒರೆಸಿ ಹಾಕಿದರೋ? ಅವಳು ಏನನ್ನೂ ಬರೆಯದೆ ಕಾದಳು. ಈ ಹೆಂಗಸು ಗಿರಾಕಿ ಮನೆಯಿಂದ ವಾಪಸು ಬಂದು ಬಾಗಿಲು ತಳ್ಳಿದಾಗ ಆ ಬಾಗಿಲೂ ನೆಲಕ್ಕೆ ಉಜ್ಜಿತೇ? ಒಳಗಿನಿಂದ ಎಣ್ಣೆಯ ವಾಸನೆ ಬಂದಿತೇ? ಕೇಳಬೇಕೆಂದರೆ ನಾಲ್ಕು ಹೆಜ್ಜೆಯ ದೂರ. ಕೇಳಲು ಅವಳಿಗೆ ಬಾಯಿ ಕೊಟ್ಟಿರಲಿಲ್ಲ.

"ಮನೆಯವರು ಹೇಳಿದ್ರೆ ಸಾಕು, ಬಂದು ತಗೊಂಡು ಹೋಗ್ಬೇಕು ಅಂತ ಮಾಡಿ ಸಾರ್," ಎಂದಳು ಟೈಲರ್ ಹೆಂಗಸು. "ಅಷ್ಟೇ ನಾನು ಕೇಳೋದು."

ಸಮಿತಿಯ ಸದಸ್ಯರಾದ ಮೀಸೆ ಸಾಹೇಬರು ಮೈಕನ್ನು ತಮ್ಮತ್ತ ತಿರುಗಿಸಿಕೊಂಡರು. ಅವರ ಮನೆಯಲ್ಲಿ ಗೋಡೆ ತುಂಬ ಬಂದೂಕುಗಳಿದ್ದವಂತೆ. ಜನರ ಕೈಯಿಂದ ಬಂದೂಕು ಕಿತ್ತುಕೊಂಡರೆ ಜನ ಕೋಳಿಗಳಾಗುತ್ತಾರೆ ಎಂಬುದು ಅವರ ಹಳೆಯ ಭಾಷಣ. ಈಗ ಅವರು ಕೋಪಿಸಿಕೊಳ್ಳಲಿಲ್ಲ, ಮಾವನ ಹಾಗೆ ಸಲಿಗೆಯಿಂದ ಕೇಳಿದರು. "ಸ್ವಲ್ಪ ಬಿಡಿಸಿ ಹೇಳಮ್ಮ. ಆಗಲೇ ನಮ್ಮನೆಯವರು ಬಂದೂಕು ಬಿಡ್ಲಿಲ್ಲ ಅಂದೆ. ಈಗ ಮನೆಯವರು ಹೇಳಿದ್ರೆ ತಗೊಂಡು ಹೋಗಿ ಅಂತೀಯ. ನಿಮ್ಮನೆಯವರೇ ಹೇಳೋ ಹಾಗಿದ್ರೆ ಕಾನೂನು ಯಾಕಮ್ಮ ಬೇಕು? ಅವರೇ ಹೆಗಲ ಮೇಲೆ ಹೊತ್ಕೊಂಡು ಬಂದು ಕೊಡ್ತಾರಲ್ಲ!"

ಸಭೆ ನಕ್ಕಿತು. ಅಧ್ಯಕ್ಷರು ನಗುವುದಿಲ್ಲವೆಂದು ತುಟಿ ಕಚ್ಚಿ, ತಡೆಯಲಾಗದೆ ಅವರೂ ನಕ್ಕರು.

"ಅಲ್ಲ ಸಾರ್, ಅವರಲ್ಲ... ಮನೆಯವರು," ಎಂದಳು ಟೈಲರ್ ಹೆಂಗಸು ಗಾಬರಿಯಾಗಿ.

"ಅದೇ ಅಮ್ಮ, ಯಾವ ಮನೆಯವರು? ನಿನ್ ಮನೆಯವರಾ, ಪಕ್ಕದ್ಮನೆಯವರಾ?"

ಇನ್ನೊಂದು ನಗು, ಮೊದಲಿನದಕ್ಕಿಂತ ದೊಡ್ಡದು. ಲಿಪಿಕಾರ್ತಿಯ ಕೈ ತಾನಾಗಿಯೇ ಕಂಸ ತೆರೆಯಿತು, 'ನಗು' ಎಂದು ಬರೆಯಿತು, ಕಂಸ ಮುಚ್ಚಿತು. ಯಾವ ಹೆಣ್ಣಿಗೆ ಗೊತ್ತಿಲ್ಲ ಈ ಮಾತು? ಹೆಸರು ಹಿಡಿದು ಕರೆಯಬಾರದೆಂದು ಗಂಡನಿಗೆ ಇಡೀ ಮನೆಯನ್ನೇ ಹೆಸರಾಗಿ ಕೊಟ್ಟು, ಆಮೇಲೆ ಆ ಮನೆಯೊಳಗೆ ತನಗೊಂದು ಹೆಸರು ಉಳಿಯದೆ, ನಾನೂ ಮನೆಯವಳೇ ಸ್ವಾಮಿ ಎಂದು ಹೇಳಿದರೆ ನಗೆಪಾಟಲಾಗುವುದು. ಒಂದು ಸಾಲು ಸಾಕಿತ್ತು. ಎದ್ದು ನಿಂತು, ಅವರು ಹೇಳಿದ್ದು ಹೆಂಡತಿ ಮಕ್ಕಳು ಅಪ್ಪ ಅಮ್ಮ ಯಾರಾದರೂ ಎಂದು, ನಿಮಗೆಲ್ಲ ಅರ್ಥವಾಗಿದೆ ಅರ್ಥವಾಗದವರ ಹಾಗೆ ನಗುತ್ತಿದ್ದೀರಿ ಎಂದು. ಏಳುತ್ತೇನೆ ಎಂದುಕೊಂಡಳು. ಕಾನೂನು ಸಲಹೆಗಾರ ಕನ್ನಡಕ ಏರಿಸಿ, "ಅಧ್ಯಕ್ಷರೇ, ನಗೆಯ ಮಾತಲ್ಲ, ಇಲ್ಲೊಂದು ತೊಡಕಿದೆ. ಮನೆಯವರು ಎಂದರೆ ಯಾರು ಎಂದು ಕಾಯಿದೆಯಲ್ಲಿ ಎಲ್ಲೂ ಹೇಳಿಲ್ಲ," ಎಂದ. ಪೆನ್ಸಿಲು ಅವನ ಹಿಂದೆ ಓಡಿತು. ಅಷ್ಟರಲ್ಲಿ ಪೆನ್ಸಿಲಪ್ಪನ ಕೈ ಅವಳ ಭುಜದ ಮೇಲೆ ಬಿತ್ತು. ಸರದಿ ಮುಗಿದಿತ್ತು. ಅವಳು ಎದ್ದಳು, ಎದ್ದದ್ದು ಹೊರಗೆ ಹೋಗುವುದಕ್ಕೆ.

ಪಕ್ಕದ ಕೋಣೆಯ ಗೋಡೆ ದಪ್ಪ. ಅದರಾಚೆ ಮಾತು ಮಾತಾಗಿ ಕೇಳಿಸದು, ಯಾರದೋ ಹೊಟ್ಟೆ ಗುಡುಗಿದ ಹಾಗೆ ಕೇಳಿಸುತ್ತದೆ. ಟೈಪು ಮಾಡುತ್ತಾ 'ನಮ್ಮನೆಯವರು ಹೋಗ್ಬಿಟ್ರು' ಎಂಬಲ್ಲಿಗೆ ಬಂದಾಗ, ಆಡುಮಾತನ್ನು ಬರಹಕ್ಕೆ ತಿದ್ದುವ ರೂಢಿಯ ಪ್ರಕಾರ 'ನನ್ನ ಪತಿ ನಿಧನರಾದರು' ಎಂದು ಮಾಡಿದಳು. ಓದಿದರೆ ಯಾರೋ ವಯಸ್ಸಾದವರು ಆಸ್ಪತ್ರೆಯಲ್ಲಿ ಮಲಗಿ ಸತ್ತ ಹಾಗಿತ್ತು. ಅಳಿಸಿ, ಮತ್ತೆ ಅದನ್ನೇ ಹಾಕಿದಳು. ಗೋಡೆಯಾಚೆ ಗುಡುಗು ಹೆಚ್ಚಾಯಿತು, ನಿಂತಿತು, ಒಮ್ಮೆಲೇ ಮೇಜು ಕುಟ್ಟಿದ ಸದ್ದು. ಮೇಜು ಕುಟ್ಟುವುದೆಂದರೆ ಒಪ್ಪಿಗೆ. ಟೈಪು ನಿಲ್ಲಿಸಿದಳು. ಪಾಸಾಯಿತು. ಅವಳ ಕಣ್ಣಲ್ಲಿ ನೀರು ಬಂತು. ಸುಮ್ಮನೆ, ತಡೆಯುವುದಕ್ಕೂ ಮೊದಲು. ಸಂಜೆಯೇ ಅರ್ಜಿ ಬರೆದಿಟ್ಟುಕೊಳ್ಳಬಹುದು. ಇಂದು ಬರೆಯಲಾಗದಿದ್ದರೂ ಬರೆಯಬಹುದು ಎಂದು ತಿಳಿದು ಮಲಗಬಹುದು.

ಪೆನ್ಸಿಲಪ್ಪ ಬಂದು ಕುರ್ಚಿಗೆ ಬಿದ್ದ. "ಮುಗೀತು ತಾಯಿ. ಮೀಸೆ ಸಾಹೇಬರೂ ಕೈ ಎತ್ತಿದ್ರು, ನೋಡು ಬೇಕಾದ್ರೆ. ಪೇಪರಿನವರು ಹೊರಗೆ ಕುಣೀತಾ ಇದ್ದಾರೆ, ಬಂದೂಕಿಗೆ ಲಗಾಮು ಅಂತೆ."

"ಹನ್ನೊಂದನೇ ಕಲಮೂ ಆಯ್ತಾ?"

"ಆಗದೇ ಏನು. ಒಂದು ಮಾತು ತಿದ್ದಿದ್ರು, ಅಷ್ಟೇ. ಮನೆಯವರು ಅನ್ನೋದು ಕಾನೂನಿನ ಪದ ಅಲ್ವಂತೆ. ಕುಟುಂಬದ ಯಜಮಾನರು ಅಂತ ಹಾಕಿದ್ರು. ಅದಕ್ಕೆ ಎಲ್ರೂ ಒಪ್ಪಿದ್ರು."

ಅವಳು ಅವನ ಕೈಯಿಂದ ಹಾಳೆ ಇಸಿದುಕೊಂಡಳು. ಅವನ ಗೆರೆಗಳು ಅವಳಿಗೆ ತನ್ನವಷ್ಟೇ ಪರಿಚಿತ. ಮೀಸೆ ಸಾಹೇಬರು: ಮನೆ ಮರ್ಯಾದೆಯ ಪ್ರಶ್ನೆ, ಗಂಡ ಹೆಂಡತಿ ಜಗಳಕ್ಕೆಲ್ಲ ಪೊಲೀಸರು ಹೊಸಿಲು ತುಳಿಯಬಾರದು, ಮನೆಗೊಬ್ಬ ಯಜಮಾನ ಅಂತ ಇರ್ತಾನೆ, ಅವನು ದೂರು ಕೊಡಲಿ, ನನ್ನ ಅಡ್ಡಿ ಇಲ್ಲ. ಅಧ್ಯಕ್ಷರು: ಬಹಳ ಸಮತೋಲನದ ಸಲಹೆ. ಕಂಸದಲ್ಲಿ ಚಪ್ಪಾಳೆ. ಟೈಲರ್ ಹೆಂಗಸು ಎಲ್ಲಿ? ಹಾಳೆ ತಿರುವಿದಳು. ಎಲ್ಲೂ ಇರಲಿಲ್ಲ. ಅವಳಿಗೆ ವಂದನೆ ಹೇಳಿ ಕಳಿಸಿದ್ದರು. ಬಂದೂಕು ಯಾರ ಕೈಯಲ್ಲಿದೆಯೋ ಅವನೇ ತನ್ನ ಮೇಲೆ ದೂರು ಕೊಡಬೇಕು ಎಂದು ಇಷ್ಟು ಜನ ಓದು ಬಲ್ಲವರು ಕೂತು, ಮೇಜು ಕುಟ್ಟಿ ತೀರ್ಮಾನಿಸಿದ್ದರು. ಬೇಡ ಎಂದಿದ್ದರೆ ಹೊರಗೆ ನಿಂತು ಕೂಗುವುದಕ್ಕಾದರೂ ಬರುತ್ತಿತ್ತು. ಕೊಟ್ಟಿದ್ದರು; ಕೊಟ್ಟ ಕೈಯನ್ನು ಹಿಂದಿನಿಂದ ಕಟ್ಟಿ ಕೊಟ್ಟಿದ್ದರು.

"ನೀನು ಟೈಪ್ ಮಾಡಿಬಿಡ್ತೀಯಾ? ಕಣ್ಣು ಉರಿ," ಎಂದ ಪೆನ್ಸಿಲಪ್ಪ.

ಮಾಡಿದಳು. ಒಂದೊಂದು ಮಾತನ್ನೂ ಇದ್ದ ಹಾಗೆ ಇಳಿಸಿದಳು, ಕಲಮಿನ ಸಾಲು ಬರುವವರೆಗೆ. ಆಮೇಲೆ ಬೆರಳು 'ಕುಟುಂಬದ ಯಜಮಾನರು' ಎಂದು ಬರೆಯಲಿಲ್ಲ. 'ಕುಟುಂಬದ ಯಾರಾದರೂ' ಎಂದು ಬರೆಯಿತು. ಎಷ್ಟು ಸಲೀಸಾಗಿ ಬರೆಯಿತೆಂದರೆ ಅದೇ ಸರಿ, ಪೆನ್ಸಿಲಪ್ಪನ ಕೊಕ್ಕೆಯೇ ತಪ್ಪು ಎನಿಸಿತು. ಸಭೆಯಲ್ಲಿ ಅಷ್ಟು ಜನ ಹೇಳಬಹುದಾಗಿದ್ದ ಮಾತು. ಯಾರೂ ಹೇಳದೆ ಬಿಟ್ಟದ್ದು. ಹಾಳೆಯನ್ನು ಕಾನೂನು ಸಲಹೆಗಾರನ ಮೇಜಿನ ಮೇಲಿಟ್ಟು, ಅವನು ನಡುವೆ ಚಹಾ ಕುಡಿಯುತ್ತಾ ಓದುವುದನ್ನು ನಿಂತು ನೋಡಿದಳು. ಅವನ ಬೆರಳು ಸಾಲುಗಳ ಮೇಲೆ ಇಳಿಯುತ್ತಾ ಬಂದು ನಿಂತಿತು.

"ಏನ್ ಮೇಡಂ ಇದು? ಯಜಮಾನರು ಅನ್ನೋದು ನಿಮ್ಮ ಕಿವಿಗೆ ಯಾರಾದರೂ ಅಂತ ಕೇಳಿಸ್ತಾ?"

ಪೆನ್ಸಿಲಪ್ಪ ಧಡಕ್ಕನೆ ಎದ್ದ. "ನನ್ನ ಬರಹ ಸಾರ್, ಈಚೆಗೆ ಕೈ ನಡುಗುತ್ತೆ. ಜ-ರ ಎರಡೂ ಒಂದೇ ತರ ಬಿದ್ದಿರ್ಬೇಕು."

"ಕೈ ನಡುಗೋರು ಮನೇಲಿರಬೇಕು," ಎಂದು ಸಲಹೆಗಾರ ಕೆಂಪು ಶಾಯಿಯಲ್ಲಿ 'ಯಾರಾದರೂ' ಮೇಲೆ ಗೆರೆ ಎಳೆದ. ಹೊರಗೆ ಬಂದ ಮೇಲೆ ಪೆನ್ಸಿಲಪ್ಪ ನಡುಗದ ಕೈಯಿಂದ ಕಿವಿಯ ಪೆನ್ಸಿಲು ತೆಗೆದು ಜೇಬಿಗೆ ಹಾಕಿಕೊಂಡ. "ಮನೇಲಿ ಎಲ್ಲಾ ಸರಿ ಇದೆಯಾ ತಾಯಿ?" ಎಂದ. "ಮನೆಯವರಿಗೆ ಸ್ವಲ್ಪ ಹುಷಾರಿಲ್ಲ," ಎಂದಳು. ಹೇಳಿದ ಮೇಲೆ ಆ ಪದ ಬಾಯೊಳಗೆ ಕಲ್ಲಿನಂತೆ ಉಳಿಯಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗಂಡ ಟಿವಿಯ ಮುಂದೆ ಕೂತಿದ್ದ, ಸದ್ದು ಇಳಿಸಿದ್ದ. ಪರದೆಯ ಮೇಲೆ ಮೀಸೆ ಸಾಹೇಬರು ಬಾಯಿ ಆಡಿಸುತ್ತಿದ್ದರು. ಮೇಜಿನ ಮೇಲೆ ಪೇಪರು ಹಾಸಿರಲಿಲ್ಲ, ಬಂದೂಕು ಇರಲಿಲ್ಲ. ಅವನು ಕ್ಷೌರ ಮಾಡಿಕೊಂಡಿದ್ದ, ಇಸ್ತ್ರಿ ಅಂಗಿ ತೊಟ್ಟಿದ್ದ. ಯಾರೋ ಬರುವವರಿದ್ದಾರೆ ಎನ್ನುವ ಹಾಗೆ.

"ಪಾಸಾಯ್ತಂತೆ," ಎಂದ. "ಅರ್ಜಿ ಯಾವಾಗ ಬರೀತೀಯ?"

ಅವಳ ಕೈಚೀಲ ಜಾರಿತು. "ಯಾವ ಅರ್ಜಿ?"

"ನಂಗೂ ಪೇಪರ್ ಓದೋಕೆ ಬರುತ್ತೆ ಕಣೆ. ದಿನಾ ಹಾಲು, ನಲ್ಲಿ ಅಂತ ಫೋನ್ ಮಾಡೋದು ಯಾಕಂತ ಗೊತ್ತಾಗದಷ್ಟು ಪೆದ್ದನಾ ನಾನು? ಮನೆಯವರು ಬರೆದ್ರೆ ತಗೊಂಡು ಹೋಗ್ತಾರೆ ಅಂತ ಹಾಕಿದ್ರು. ನೀನು ಬರೀತೀಯ, ಯಾರೋ ಬರ್ತಾರೆ, ನಾನು ಒಂದೆರಡು ಮಾತು ಕೂಗಾಡ್ತೀನಿ, ಹೋಗುತ್ತೆ ಅಂದ್ಕೊಂಡಿದ್ದೆ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅಷ್ಟು ದಿನ ತಡ್ಕೊಂಡಿರೋಣ ಅಂತ."

ಅವಳು ಅವನೆದುರು ನೆಲದ ಮೇಲೆ ಕೂತಳು. ಪದ ಬದಲಾದದ್ದನ್ನು ಹೇಳಿದಳು. ಹೇಳುವಾಗ ದನಿ ಸಭೆಯ ವರದಿಯ ಹಾಗೆ ಬಂತು, ಅದನ್ನು ತಿದ್ದಲು ಬಾರದೆ ಹಾಗೇ ಹೇಳಿ ಮುಗಿಸಿದಳು. ಅವನು ಕೇಳಿಸಿಕೊಂಡ.

"ಯಜಮಾನರು ಅಂದ್ರೆ ನಾನು."

"ಹೂಂ."

"ನಾನೇ ಹೋಗಿ ಹೇಳ್ಬೇಕು."

"ನಾನೂ ಬರ್ತೀನಿ ರೀ. ನಾಳೆ ಬೆಳಿಗ್ಗೆ ಇಬ್ಬರೂ ಹೋಗೋಣ. ನೀವು ಮಾತಾಡೋದೇ ಬೇಡ, ಪಕ್ಕದಲ್ಲಿ ನಿಂತ್ರೆ ಸಾಕು."

"ಏನಂತ ಕೇಳ್ತಾರೆ? ಯಾಕೆ ಬೇಡ ಅಂತ ಕೇಳ್ತಾರಲ್ಲ. ಬ್ಯಾಂಕಿನ ಬಾಗಿಲಲ್ಲಿ ಅಷ್ಟು ವರ್ಷ ನಿಂತವನು ನನ್ನಿಂದ ನನ್ನನ್ನ ಕಾಪಾಡಿ ಅಂತ ಹೇಳ್ಲಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬ್ಯಾಂಕಿನಲ್ಲಿ ದಾರಿ ತಪ್ಪಿದವರಿಗೆ ಕಿಟಕಿ ತೋರಿಸುತ್ತಿದ್ದಾಗಿನ ಅದೇ ಮೆದುತನವಿತ್ತು. ಎದ್ದು ಒಳಗೆ ಹೋದ. ಬಂದೂಕು ಒಳಗಿಟ್ಟು ಬೀರು ಮುಚ್ಚಿದ ಸದ್ದು, ಬೀಗ ತಿರುಗಿದ ಸದ್ದು. ವಾಪಸು ಬಂದು ಅವಳ ಅಂಗೈ ಬಿಡಿಸಿ ಬೀರುವಿನ ಕೀಯನ್ನು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ. "ಇದನ್ನ ನೀನಿಟ್ಕೋ. ನಾನು ಕೇಳಿದ್ರೂ ಕೊಡ್ಬೇಡ."

ಅವಳು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟಳು. ಕೀಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಿದ್ದಳು, ಅದು ಮೈಯ ಬಿಸಿಗೆ ಬೆಚ್ಚಗಾಗುತ್ತಿತ್ತು. ಈರುಳ್ಳಿ ಹೆಚ್ಚಿದಳು. ಕಿಟಕಿಯಾಚೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಇಂದು ಬದುಕಿದೆವು ಎಂದುಕೊಂಡಳು. ಇಷ್ಟು ದಿನದಲ್ಲಿ ಮೊದಲ ಬಾರಿಗೆ 'ನಾವು' ಎಂದು. ಕುಕ್ಕರ್ ಕೂಗುವ ಮೊದಲೇ ಅವನು ಬಾಗಿಲಿಗೆ ಒರಗಿ ನಿಂತಿದ್ದ. ಅಂಗಿಯ ಇಸ್ತ್ರಿ ಮಡಿಕೆ ಇನ್ನೂ ಹಾಗೇ ಇತ್ತು.

"ಕೀ ಕೊಡು."

"ಕೊಡಲ್ಲ," ಎಂದಳು. ನಗಲು ನೋಡಿದಳು. "ನೀವೇ ಹೇಳಿದ್ರಲ್ಲ."

ಅವನೂ ನಕ್ಕ. ಅವನ ಮುಖ ಸಡಿಲವಾಯಿತು, ಹೌದಲ್ಲ ಎನ್ನುವ ಹಾಗೆ ತಲೆಯಾಡಿಸಿದ. ಆದರೆ ಹೋಗಲಿಲ್ಲ. "ಎಣ್ಣೆ ಬಟ್ಟೆ ಒಳಗೇ ಉಳೀತು, ಅಷ್ಟೇ. ಕೊಡು."

"ಇಲ್ಲ ರೀ."

ಕುಕ್ಕರ್ ಕೂಗಿತು. ಅವಳು ಒಲೆ ಸಣ್ಣದು ಮಾಡಲು ತಿರುಗಲಿಲ್ಲ. ಬೀರು ತೆಳ್ಳನೆಯ ಹಲಗೆಯದು, ಒಮ್ಮೆ ಕೀ ಕಳೆದಾಗ ಅದನ್ನು ಅವನೇ ಚಮಚದ ಹಿಡಿಯಿಂದ ಮೀಟಿ ತೆಗೆದಿದ್ದ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಮೀಟಲು ಹೋಗದೆ ಅವನು ಕೇಳುತ್ತಿದ್ದ.

"ಕೊಡು," ಎಂದ, ಮತ್ತಷ್ಟು ಮೆಲ್ಲಗೆ. ಚಾಚಿದ ಕೈ ಹಾಗೇ ಇತ್ತು.